ಮುಷ್ಟಿಗೆ ಒಂಬತ್ತು ತಿಂಗಳು ತುಂಬುವ ಮೊದಲು

ಜನವರಿ ೧೧

ಪ್ರೀತಿಯ ಕತ್ತರಿ,

ನಿನ್ನನ್ನು ಅತ್ತಿಗೆ ಅಂತ ಕರೆಯಬೇಕು, ಬಹುವಚನ ಕೊಡಬೇಕು ಅಂತ ನಿನ್ನ ಮದುವೆಯಾದ ದಿನದಿಂದ ಅಮ್ಮ ಹೇಳುತ್ತಲೇ ಇದ್ದಾಳೆ. ನನ್ನಿಂದಾಗದು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಒಂದೇ ಮೇಜಿಗೆ ಕೂತು, ನಾನು ಗುಂಡಿ ಹಾಕಿ ತಳ್ಳಿದ ಅಂಗಿಗಳ ದಾರ ಕತ್ತರಿಸಿ ಮುಂದಕ್ಕೆ ತಳ್ಳಿದವಳು ನೀನು. ಆ ಕೆಲಸಗಳೇ ನಮಗೆ ಹೆಸರಾಗಿ ಅಂಟಿಕೊಂಡವು. ಈಗ ನನ್ನ ಅಣ್ಣನನ್ನು ಕಟ್ಟಿಕೊಂಡೆ ಅಂದ ಮಾತ್ರಕ್ಕೆ ನಿನಗೆ 'ನೀವು' ಅನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಮಗಳು ಚೆನ್ನಾಗಿದ್ದಾಳೆ. ಐದು ತಿಂಗಳು ತುಂಬಿತು. ಹುಟ್ಟಿದಾಗಿನಿಂದ ಎರಡು ಕೈಯನ್ನೂ ಬಿಗಿ ಹಿಡಿದುಕೊಂಡೇ ಇರುತ್ತಾಳೆ ಅಂತ ಬರೆದಿದ್ದೆನಲ್ಲ, ಈಗ ಅವಳಪ್ಪ ಅವಳನ್ನು ಮುಷ್ಟಿ ಅಂತಲೇ ಕರೆಯುವುದು. ಸ್ನಾನಕ್ಕೆ ಮೊದಲು ಬೆರಳು ಬಿಡಿಸಿದರೆ ಒಳಗೆ ಕಂಬಳಿಯ ನಾರು, ನನ್ನ ಕೂದಲು, ಇನ್ನೂ ಏನೇನೋ. ಈಚೆಗೆ ಬೋರಲು ಬೀಳಲು ಕಲಿತಿದ್ದಾಳೆ. ತಿರುಗಿ ಅಂಗಾತ ಆಗಲು ಬಾರದೆ, ಯಾರೋ ತನ್ನನ್ನು ಬೀಳಿಸಿದರೋ ಎಂಬಂತೆ ನನ್ನ ಮೇಲೆ ಸಿಟ್ಟಾಗುತ್ತಾಳೆ.

ಫೆಬ್ರವರಿ ಕೊನೆಗೆ ಅಮ್ಮನ ಕಣ್ಣಿನ ಪೊರೆ ತೆಗೆಸುವುದು ಗಟ್ಟಿ ತಾನೆ? ನಾನು ಮಗುವನ್ನು ಕರೆದುಕೊಂಡು ಒಂದು ತಿಂಗಳ ಮಟ್ಟಿಗೆ ಬರುತ್ತೇನೆ. ಅಡುಗೆ, ಅಮ್ಮನ ಕಣ್ಣಿಗೆ ಹನಿ ಹಾಕುವುದು, ಜೊತೆಗೆ ನಿನ್ನ ಮಗನ ಹಿಂದೆ ಓಡುವುದು, ಎಲ್ಲ ನಿನ್ನೊಬ್ಬಳಿಂದ ಆಗುವ ಮಾತಲ್ಲ. ಅವನು ಇನ್ನೂ ಕೂಗು ಹಾಕಿಕೊಂಡೇ ಕೋಣೆಯಿಂದ ಕೋಣೆಗೆ ಹೋಗುತ್ತಾನಾ? ಅವನಿಗೆ ರೈಲು ಅಂತ ಹೆಸರಿಟ್ಟವಳು ನಾನೇ ಅಂತ ಅವನಿಗೆ ಹೇಳಿಕೊಡು. ಮೂರು ವರ್ಷದವನಿಗೆ ಅತ್ತೆಯ ನೆನಪೆಲ್ಲಿ ಇರುತ್ತದೆ.

ಒಂದು ಮಾತು ಕೇಳಬೇಕು. ಹೋದ ವಾರ ಅಣ್ಣ ಲಾರಿ ನಿಲ್ಲಿಸಿ ನಮ್ಮ ಮನೆಗೆ ಬಂದಿದ್ದ. ನಿಮ್ಮ ಬೀದಿಯಲ್ಲಿ ಎರಡು ಮೂರು ಮಕ್ಕಳಿಗೆ ದಡಾರ ಎದ್ದಿದೆ ಅಂದ. "ರೈಲಿಗೆ ಚುಚ್ಚುಮದ್ದು ಹಾಕ್ಸಿದ್ದೀರಲ್ಲ?" ಅಂದೆ. ಟೀ ಲೋಟದೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ಅದನ್ನೇ ನೋಡುತ್ತ ಕೂತ. ಆಮೇಲೆ ಟಯರಿನ ವಿಷಯ ಮಾತಾಡಿದ. ಮುಷ್ಟಿಗೆ ದಡಾರದ ಚುಚ್ಚುಮದ್ದು ಹಾಕುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಅದಕ್ಕೇ ಕೇಳುತ್ತಿದ್ದೇನೆ. ಹಾಕಿಸಿರುತ್ತೀಯ, ನನಗೆ ಗೊತ್ತು. ಆದರೂ ಒಂದು ಸಾಲು ಬರೆ.

ನಿನ್ನ ಮೇಜಿನ ಆಚೆ ತುದಿಯವಳು,
ಗುಂಡಿ


ಜನವರಿ ೧೯

ಗುಂಡಿ,

ಇಲ್ಲ. ಹಾಕಿಸಿಲ್ಲ.

ಯಾಕೆ ಅಂತ ಕೇಳುತ್ತೀಯ, ಆದ್ದರಿಂದ ಈಗಲೇ ಬರೆದುಬಿಡುತ್ತೇನೆ. ಅವನಿಗೆ ಆರು ತಿಂಗಳಿದ್ದಾಗ ಬೇರೆ ಯಾವುದೋ ಚುಚ್ಚುಮದ್ದು ಬಾಕಿ ಇತ್ತು, ಹಾಕಿಸಿಕೊಂಡು ಬಂದೆ. ಸಂಜೆಗೆ ಮೈ ಕೆಂಡವಾಯಿತು. ನಾನು ಇಸ್ತ್ರಿ ಮಾಡುತ್ತಿದ್ದೆ, ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿಸಿದ್ದೆ. ಇದ್ದಕ್ಕಿದ್ದ ಹಾಗೆ ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದವು. ತುಟಿ ನೀಲಿಯಾಯಿತು. ಕರೆದರೆ ಓಗೊಡಲಿಲ್ಲ. ನಿನ್ನ ಅಣ್ಣ ಎಲ್ಲೋ ದೂರದ ಹೆದ್ದಾರಿಯಲ್ಲಿ. ಅಮ್ಮನಿಗೆ ಆಗಲೇ ಕಣ್ಣು ಮಂಜು, "ಏನಾಯ್ತೇ, ಏನಾಯ್ತೇ" ಅಂತ ಗೋಡೆ ಹಿಡಿದುಕೊಂಡು ಬಂದರು. ನಾನು ಬರಿಗಾಲಲ್ಲಿ ಮೆಟ್ಟಿಲಿಳಿದೆ. ಕೆಳಗಿನ ಅಂಗಡಿಯ ಬೀಗ ರಿಪೇರಿಯವನು ಇಲ್ಲದಿದ್ದರೆ ಏನಾಗುತ್ತಿತ್ತೋ. ಅಂಗಡಿಯನ್ನು ತೆರೆದೇ ಬಿಟ್ಟು ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಜ್ವರಕ್ಕೆ ಬಂದ ಫಿಟ್ಸ್, ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಏನೂ ತೊಂದರೆ ಇಲ್ಲ ಅಂದರು. ಅವರಿಗೆ ಅದು ಕೆಲವು ಮಕ್ಕಳು. ನನಗೆ ಇರುವವನು ಒಬ್ಬ.

ಅವನು ಚೆನ್ನಾಗಿದ್ದಾನೆ, ಆಮೇಲೆ ಒಮ್ಮೆಯೂ ಹಾಗಾಗಿಲ್ಲ. ನಾನು ಮತ್ತೆ ಆ ಬಾಗಿಲಿಗೆ ಹೋಗಲಿಲ್ಲ. ಹೋಗುವುದೂ ಇಲ್ಲ. ಸೂಜಿ ಕಂಡರೆ ನನಗೆ ಆ ನೀಲಿ ತುಟಿ ಕಾಣುತ್ತದೆ. ಈ ಮಾತನ್ನು ನಿನ್ನ ಅಣ್ಣನಿಗೆ ಬಿಟ್ಟರೆ ಇನ್ಯಾರಿಗೂ ಹೇಳಿರಲಿಲ್ಲ, ನಿನಗೂ ಹೇಳಿರಲಿಲ್ಲ. ಆಗ ನೀನು ಹೊಸದಾಗಿ ಮದುವೆಯಾಗಿ ಹೋಗಿದ್ದೆ. ನಿನ್ನ ಪತ್ರಗಳ ತುಂಬ ಪರದೆಯ ಬಣ್ಣ, ಪಾತ್ರೆ ಜೋಡಿಸಿದ ಕಥೆ.

ನಿನಗೆ ಭಯವಾದರೆ ಬರಬೇಡ. ಅಮ್ಮನನ್ನು ನಾನೇ ನೋಡಿಕೊಳ್ಳುತ್ತೇನೆ.

ಕತ್ತರಿ

ಮುಷ್ಟಿಗೆ ಎರಡು ಅಂಗಿ ಹೊಲಿದು ನಿನ್ನ ಅಣ್ಣನ ಕೈಯಲ್ಲಿ ಕಳಿಸಿದ್ದೇನೆ. ಕೋಪ ಬೇರೆ, ಅಂಗಿ ಬೇರೆ.


ಫೆಬ್ರವರಿ ೧

ನನ್ನ ಕತ್ತರಿ,

ಅಂಗಿ ಬಂದವು. ತೋಳು ಅವಳ ಬೆರಳು ದಾಟಿ ಇಳಿಯುತ್ತದೆ. ಬೇಕೆಂದೇ ಉದ್ದ ಇಟ್ಟಿದ್ದೀಯ ಅಂತ ಗೊತ್ತು, ನೀನು ಅಳತೆ ತಪ್ಪುವವಳಲ್ಲ. ಒಂದು ದಾರವೂ ಎಲ್ಲೂ ನೇತಾಡುತ್ತಿಲ್ಲ.

ನಿನ್ನ ಪತ್ರ ಓದಿ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಯಾಕೆ ಹೇಳಲಿಲ್ಲ ಅಂತ. ಆಮೇಲೆ ಆ ಚಾಪೆ, ಆ ಇಸ್ತ್ರಿ ಪೆಟ್ಟಿಗೆ ಕಣ್ಣಿಗೆ ಕಟ್ಟಿ ಬಟ್ಟೆ ಒಗೆಯುತ್ತಲೇ ಅತ್ತುಬಿಟ್ಟೆ. 'ಹಾಕಿಸಿರುತ್ತೀಯ, ನನಗೆ ಗೊತ್ತು' ಅಂತ ಎಷ್ಟು ಸಲೀಸಾಗಿ ಬರೆದಿದ್ದೆ.

ಮುಷ್ಟಿಯನ್ನು ತೂಕ ನೋಡಿಸಲು ಒಯ್ದಾಗ ಇಲ್ಲಿಯ ಮಕ್ಕಳ ಡಾಕ್ಟರನ್ನು ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ, ನನ್ನ ಗೆಳತಿ ಅಂದೆ. ಆಕೆ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. "ಪಾಪ, ಅದನ್ನ ಕಣ್ಣಾರೆ ನೋಡಿದವರಿಗೆ ಭಯ ಹೋಗಲ್ಲ," ಅಂದರು ಮೊದಲು. ಆಮೇಲೆ ಹೇಳಿದ್ದು ಇಷ್ಟು. ಜ್ವರದಿಂದ ಫಿಟ್ಸ್ ಬಂದ ಮಗುವಿಗೂ ದಡಾರದ ಚುಚ್ಚುಮದ್ದು ಹಾಕಬಹುದು. ಹಾಕುವ ಮೊದಲು ಅದನ್ನು ಅವರಿಗೆ ಹೇಳಬೇಕು. ಹಾಕಿಸಿ ಒಂದು ವಾರ, ಹತ್ತು ದಿನದ ಹೊತ್ತಿಗೆ ಜ್ವರ ಬರಬಹುದು, ಏನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಬೇಕು. "ದಡಾರ ಬಂದ್ರೆ ಅದರ ಜ್ವರ ಇದಕ್ಕಿಂತ ಎಷ್ಟೋ ಜೋರು ಕಣಮ್ಮ. ಫಿಟ್ಸಿಗೆ ಹೆದರೋರು ದಡಾರಕ್ಕೆ ಇನ್ನೂ ಹೆದರ್ಬೇಕು." ನಾನು ಸೇರಿಸಿದ್ದು ಏನೂ ಇಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೇನೆ. ನೀನು ನಿಮ್ಮ ಡಾಕ್ಟರನ್ನೇ ಕೇಳು.

ಇನ್ನೊಂದು ಮಾತು ಬರೆಯಲು ಕೈ ಬರುತ್ತಿಲ್ಲ. ನಿಮ್ಮ ಬೀದಿಯಲ್ಲಿ ದಡಾರ ಇರುವಾಗ, ರೈಲಿಗೆ ಚುಚ್ಚುಮದ್ದು ಆಗದಿರುವಾಗ, ನಾನು ಮುಷ್ಟಿಯನ್ನು ಕರೆದುಕೊಂಡು ಬರಲಾರೆ. ಇವಳಿಗೆ ಚುಚ್ಚುಮದ್ದಿನ ವಯಸ್ಸಾಗುವವರೆಗೆ ಇವಳ ರಕ್ಷಣೆ ಸುತ್ತಲಿನವರ ತೋಳಿನಲ್ಲಿದೆ ಅಂದರು ಡಾಕ್ಟರು. ಇವಳನ್ನು ಬಿಟ್ಟು ಬರುವ ಹಾಗಿಲ್ಲ, ಇನ್ನೂ ನನ್ನ ಹಾಲು ಬಿಟ್ಟಿಲ್ಲ. ಅಮ್ಮನ ಕಣ್ಣಿನ ಪೊರೆ ತೆಗೆಸುವಾಗ ನಾನು ಅಲ್ಲಿರುವುದಿಲ್ಲ ಅಂತ ನೆನೆದರೆ ಸಂಕಟವಾಗುತ್ತದೆ. ನಿನ್ನ ಮೇಲಿನ ಕೋಪಕ್ಕೆ ಬರುವುದಿಲ್ಲ ಅಂದುಕೊಂಡರೆ ನನ್ನಾಣೆ.

ಯಾವತ್ತೂ ನಿನ್ನವಳೇ,
ಗುಂಡಿ


ಫೆಬ್ರವರಿ ೧೩

ಗುಂಡಿ,

ನಿನ್ನ ಪತ್ರವನ್ನು ಮಡಚಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೆ, ಉತ್ತರ ಬರೆಯಬಾರದು ಅಂತ. ಅಷ್ಟರಲ್ಲಿ ಇಲ್ಲಿ ಏನೇನೋ ಆಗಿಹೋಯಿತು.

ಬೀಗ ರಿಪೇರಿಯವನ ಮಗಳು ಗೊತ್ತಲ್ಲ, ಎರಡು ವರ್ಷದ್ದು. ಮೆಟ್ಟಿಲ ಮೇಲೆ ಕೂತು ನಮ್ಮ ರೈಲಿಗೆ ಸಿಗ್ನಲ್ ಕೊಡುವವಳು ಅವಳೇ, ಕೈ ಎತ್ತಿದರೆ ಇವನು ನಿಲ್ಲಬೇಕು. ಅವಳಿಗೆ ನೆಗಡಿ, ಕೆಮ್ಮು ಬಂತು. ಎಲ್ಲ ಮಕ್ಕಳಿಗೂ ಬರುವಂಥದ್ದು ಅಂದುಕೊಂಡರು. ಕಿವಿಯ ಹಿಂದೆ ಕೆಂಪು ದದ್ದು ಎದ್ದು ಮುಖಕ್ಕೆ, ಎದೆಗೆ ಇಳಿಯಿತು. ಬೆಳಕು ನೋಡಲಾರದೆ ಅಳುತ್ತಾಳೆ ಅಂತ ಅವಳಮ್ಮ ಕಿಟಕಿಗೆ ಹಾಸಿಗೆಯ ಹೊದಿಕೆ ಕಟ್ಟಿದಳು. ಆಮೇಲೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಸೇರಿಸಿದರು. ನ್ಯುಮೋನಿಯಾ.

ನಾನು ಊಟ ಕಟ್ಟಿಕೊಂಡು ಹೋದೆ. ಮೂಗಿಗೆ ನಳಿಗೆ ಹಾಕಿದ್ದರು. ಉಸಿರೆಳೆದರೆ ಪಕ್ಕೆಲುಬು ಒಳಗೆ ಹೋಗುವುದು ಕಾಣುತ್ತಿತ್ತು. ಬೀಗದವನು ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಯಾವ ಬೀಗವನ್ನೂ ತೆರೆದುಕೊಡುವ ಮನುಷ್ಯ, ಅವನ ಕೈಯಲ್ಲಿ ಮಗುವಿನ ಒಂದು ಚಪ್ಪಲಿ ಇತ್ತು.

ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನಾಳೆ ನಾಡಿದ್ದು ಅಂತ ತಳ್ತಾ ಬಂದ್ವಿ ಅಕ್ಕ. ಮನೆ ಬದಲಾಯಿಸಿದ್ವಿ, ಮರೆತೇಹೋಯ್ತು. ರೈಲಿಗೆ ಹಾಕ್ಸಿದ್ದೀರಿ ತಾನೆ?" ಅಂದಳು. ನಾನು ಊಟದ ಡಬ್ಬ ಅವಳ ಕೈಗಿಟ್ಟೆ. ಅಂಥ ಹೊತ್ತಿನಲ್ಲೂ ಅವಳು ನನ್ನ ಮಗನ ಬಗ್ಗೆ ಕೇಳಿದಳು ನೋಡು.

ಗುಂಡಿ, ಇಷ್ಟು ದಿನ ನನಗೆ ಒಂದು ಭಯ ಗೊತ್ತಿತ್ತು, ಇನ್ನೊಂದು ಗೊತ್ತಿರಲಿಲ್ಲ. ಗೊತ್ತಿದ್ದದ್ದೇ ದೊಡ್ಡದು ಅಂದುಕೊಂಡಿದ್ದೆ. ಆ ಮಂಚದ ಪಕ್ಕ ನಿಂತಾಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಹಾಗಾಯಿತು.

ಮಾರನೆಯ ದಿನ ಬೀದಿಯ ತುದಿಯ ಶಾಲೆಯಲ್ಲಿ ಚುಚ್ಚುಮದ್ದು ಹಾಕುತ್ತಿದ್ದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಅಮ್ಮ ಕೂತಲ್ಲಿಂದಲೇ, "ಎಲ್ಲಿಗೆ?" ಅಂದರು. ಹೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು ಅಂತ ಕಾಣುತ್ತದೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ತಡಿ, ನಾನೂ ಬರ್ತೀನಿ," ಅಂದರು. "ನಿಮಗೆ ಮೆಟ್ಟಿಲು ಕಾಣಲ್ವಲ್ಲಮ್ಮ," ಅಂದೆ. "ಮೆಟ್ಟಿಲು ಕಾಣಲ್ಲ. ನಿನ್ನ ಕೈ ಹಿಡ್ಕೊಳ್ಳೋಕೆ ಕಣ್ಣು ಯಾಕೆ ಬೇಕು?" ಅಂದರು. ಯಾರು ಯಾರನ್ನು ನಡೆಸಿಕೊಂಡು ಹೋದೆವೋ ಗೊತ್ತಿಲ್ಲ, ಮೂವರೂ ಹೋಗಿ ಮುಟ್ಟಿದೆವು.

ಫಿಟ್ಸಿನ ಸಂಗತಿ ಹೇಳಿದೆ. ನರ್ಸಮ್ಮ ಹೋಗಿ ಡಾಕ್ಟರನ್ನು ಕರೆತಂದರು. ನಿನ್ನ ಡಾಕ್ಟರು ಹೇಳಿದ್ದನ್ನೇ ಇವರೂ ಹೇಳಿದರು, ಜ್ವರಕ್ಕೆ ಔಷಧಿ ಕೊಟ್ಟು, ಅಕಸ್ಮಾತ್ ಫಿಟ್ಸ್ ಬಂದರೆ ಮಗುವನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಕೂಡಲೇ ಕರೆತರಬೇಕು ಅಂತ ಎರಡೆರಡು ಸಲ ಹೇಳಿದರು. ಆ ಹುಡುಗಿಯ ಜೊತೆ ಆಡುತ್ತಿದ್ದ ಅಂತಲೂ ಹೇಳಿದೆ. "ಈಗಾಗ್ಲೇ ಅಂಟಿದ್ರೆ ಇದು ತಡೆಯುತ್ತೆ ಅಂತ ಹೇಳಕ್ಕಾಗಲ್ಲಮ್ಮ. ಅಂಟಿಲ್ದೆ ಇದ್ರೆ ಮುಂದಕ್ಕೆ ಕಾಪಾಡುತ್ತೆ," ಅಂದರು.

ಅಮ್ಮನ ತೊಡೆಯ ಮೇಲೆ ಅವನನ್ನು ಕೂರಿಸಿದೆ. ನಾನು ಗೋಡೆಯ ಭೂಪಟ ನೋಡುತ್ತಿದ್ದೆ, ಒಂದು ದೇಶವೂ ಕಣ್ಣಿಗೆ ಬೀಳಲಿಲ್ಲ. ಅವನು ಒಂದು ಕೂಗು ಹಾಕಿದ. ಆಮೇಲೆ ಆ ಖಾಲಿ ಪುಟಾಣಿ ಸೀಸೆ ತನಗೆ ಬೇಕು ಅಂತ ಹಟ ಹಿಡಿದ. ಕೊಡಲಿಲ್ಲ ಅಂತ ಅತ್ತದ್ದೇ ಹೆಚ್ಚು.

ಅಮ್ಮ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಿಸಿದ್ದಾರೆ. "ಮಗಳು ಬರೋವರೆಗೆ ನನ್ನ ಕಣ್ಣು ಎಲ್ಲಿಗೂ ಓಡಿಹೋಗಲ್ಲ," ಅನ್ನುತ್ತಾರೆ.

ಈಗ ಕಾಯುತ್ತಿದ್ದೇನೆ. ಗಳಿಗೆಗೊಮ್ಮೆ ಅವನ ಹಣೆ ಮುಟ್ಟಿ ನೋಡುತ್ತೇನೆ. "ಅಮ್ಮ, ಮುಟ್ಬೇಡ, ರೈಲು ಹೋಗ್ತಾ ಇದೆ," ಅನ್ನುತ್ತಾನೆ.

ನಿನ್ನ,
ಕತ್ತರಿ


ಫೆಬ್ರವರಿ ೧೬

ನನ್ನ ಬಂಗಾರ,

ನಿನ್ನ ಪತ್ರ ಈಗ ತಾನೆ ಬಂತು, ಅಂಚೆಯವನನ್ನು ನಿಲ್ಲಿಸಿಕೊಂಡು ನಿಂತಲ್ಲೇ ಬರೆಯುತ್ತಿದ್ದೇನೆ. ಇದು ತಲುಪುವ ಹೊತ್ತಿಗೆ ಜ್ವರ ಬಂದು ಹೋಗಿರುತ್ತದೋ, ಇನ್ನೂ ಬಾರದೇ ಇರುತ್ತದೋ. ಅಣ್ಣನಿಗೆ ರಜೆ ಹಾಕು ಅನ್ನು. ಹಾಕದಿದ್ದರೆ ನಾನು ಹೇಳಿದೆ ಅನ್ನು, ಹಾಕುತ್ತಾನೆ. ಬೀಗದವನ ಮಗಳು ಹೇಗಿದ್ದಾಳೆ, ಬರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನನಗೆ ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ. ನಿನ್ನ ಪಕ್ಕದಲ್ಲೇ ಇದ್ದೇನೆ.

ಗುಂಡಿ


ಫೆಬ್ರವರಿ ೨೭

ಗುಂಡಿ,

ಬಂತು. ಹೋಯಿತು.

ಮಧ್ಯಾಹ್ನ ಊಟ ಬೇಡ ಅಂದ, ಆಗಲೇ ಗೊತ್ತಾಯಿತು. ಇಳಿಹೊತ್ತಿಗೆ ಮೈ ಸುಡತೊಡಗಿತು. ಚುಚ್ಚುಮದ್ದಿನ ಜ್ವರವೋ ದಡಾರವೋ ಯಾರಿಗೆ ಗೊತ್ತು. ನಿನ್ನ ಅಣ್ಣ ಮನೆಯಲ್ಲೇ ಇದ್ದ. ಎಂಥೆಂಥ ಘಾಟಿಯಲ್ಲಿ ಲಾರಿ ಇಳಿಸುವವನು, ಥರ್ಮಾಮೀಟರು ಹಿಡಿದುಕೊಂಡು, "ಇದರಲ್ಲಿ ಏನೂ ಕಾಣ್ತಾ ಇಲ್ಲ, ಕೆಟ್ಟಿದೆ," ಅಂದ. ನೋಡಿದರೆ ತಿರುವುಮುರುವು ಹಿಡಿದಿದ್ದ. ಔಷಧಿ ಕೊಟ್ಟೆ. ಮೈಗೆ ತೆಳ್ಳನೆಯ ಅಂಗಿ ಹಾಕಿ, ಕುತ್ತಿಗೆ ಒರೆಸುತ್ತ ಕೂತೆ. ಅದೇ ಚಾಪೆ. ಒಂದು ಸಲ ಅವನ ಮೈ ಇಡೀ ಜುಮ್ ಅಂತು. ನನ್ನ ಕೈಯಿಂದ ಬಟ್ಟೆ ಬಿತ್ತು. ಅವನು ಕಣ್ಣು ತೆರೆದು, "ತಣ್ಣಗಿದೆ," ಅಂದ. ಅಷ್ಟೇ. ಬರೀ ನಡುಕ. ಆ ಒಂದು ಮಾತು ಕೇಳಿ ನಿನ್ನ ಅಣ್ಣ ಎದ್ದು ಬಚ್ಚಲುಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದ.

ಮರುದಿನ ಹೊಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ದದ್ದು. ಡಾಕ್ಟರು ನೋಡಿ, ಚುಚ್ಚುಮದ್ದಿಗೆ ಹೀಗೆ ಬರುವುದುಂಟು, ಆದರೂ ಖಾತ್ರಿಯಾಗುವವರೆಗೆ ಮನೆಯಲ್ಲೇ ಇರಲಿ ಅಂದರು. ಮೂರನೆಯ ದಿನ ರೈಲು ಅಡುಗೆಮನೆಗೆ ಬಂದು ನಿಂತು, ಬ್ರೆಡ್ಡು ಕೊಡದೆ ಹೊರಡುವುದಿಲ್ಲ ಅಂತು. ಮೊನ್ನೆ ಮತ್ತೆ ತೋರಿಸಿದೆ. ಇನ್ನು ಎಲ್ಲಿಗೆ ಬೇಕಾದರೂ ಹೋಗಲಿ ಅಂದಿದ್ದಾರೆ.

ಬೀಗದವನ ಮಗಳು ಮನೆಗೆ ಬಂದಳು. ಗುಬ್ಬಿಯಷ್ಟಾಗಿದ್ದಾಳೆ. ಒಂದು ಕಿವಿ ಸೋರುತ್ತದೆ, ಆ ಕಡೆಯಿಂದ ಕರೆದರೆ ತಿರುಗುವುದಿಲ್ಲ. ಸರಿಹೋಗಬಹುದು, ಕಾದು ನೋಡಬೇಕು ಅಂದಿದ್ದಾರಂತೆ. ನಿನ್ನೆ ಮೆಟ್ಟಿಲ ಮೇಲೆ ಕೂತು ಕೈ ಎತ್ತಿದಳು. ರೈಲು ನಿಂತಿತು.

ಈಗ ಹೇಳು, ಯಾವಾಗ ಬರುತ್ತೀಯ?

ನಿನ್ನ,
ಕತ್ತರಿ


ಮಾರ್ಚ್ ೬

ಕತ್ತರಿ,

ನಿನ್ನ ಪತ್ರ ಓದಿ ಮುಷ್ಟಿಯನ್ನು ಎತ್ತಿಕೊಂಡು ಮನೆಯೆಲ್ಲ ಕುಣಿದೆ. ಆ ಹುಡುಗಿಯ ಕಿವಿಯ ಮಾತಿಗೆ ಬಂದಾಗ ಕೂತುಬಿಟ್ಟೆ.

ನಾನು ಬರುವುದು ಈಗ ಬೇರೆ ಕಾರಣಕ್ಕೆ ತಡವಾಗಿದೆ. ದಡಾರ ನಮ್ಮ ಬಡಾವಣೆಗೂ ಬಂದಿದೆ. ಇಲ್ಲಿ ಆರು ತಿಂಗಳು ದಾಟಿದ ಮಕ್ಕಳಿಗೂ ಈಗಲೇ ಒಂದು ಹಾಕುತ್ತಿದ್ದಾರೆ. ಇದು ಲೆಕ್ಕಕ್ಕಿಲ್ಲ, ಒಂಬತ್ತು ತುಂಬಿದ ಮೇಲೆ ಹಾಕುವುದನ್ನು ಹಾಕಿಸಲೇಬೇಕಂತೆ, ಆಮೇಲೆ ಇನ್ನೊಂದು.

ನಿನಗೆ ನಗು ಬಂದರೆ ನಗು. ಸೋಮವಾರ ಅವಳನ್ನು ಎತ್ತಿಕೊಂಡು ಹೋದೆ. ಬಾಗಿಲವರೆಗೆ ಹೋದೆ. ಒಳಗೆ ಒಂದು ಮಗು ಕಿರುಚಿತು. ನನ್ನ ಕಾಲು ತಿರುಗಿಬಿಟ್ಟಿತು. ತರಕಾರಿ ಕೊಳ್ಳಲೆಂದೇ ಹೊರಟವಳ ಹಾಗೆ ಒಂದು ಕಟ್ಟು ಸೊಪ್ಪು ತಗೊಂಡು ಮನೆಗೆ ಬಂದೆ. ಬುಧವಾರವೂ ಹಾಗೇ. ಇವರು ಗಾಳಿಗೆ ಬಿದ್ದ ಕರೆಂಟು ಕಂಬಗಳನ್ನು ನಿಲ್ಲಿಸಲು ಲೈನ್‌ಮನ್‌ಗಳ ಜೊತೆ ಹೋದವರು ಇನ್ನೂ ಬಂದಿಲ್ಲ. ಬಂದ ಮೇಲೆ ಹೋಗೋಣ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನಿನಗೆ ಕಾಗದದ ತುಂಬ ಧೈರ್ಯ ಬರೆದು ಕಳಿಸಿದವಳು ನಾನೇ. ರೈಲು ಇದ್ದದ್ದು ನಿನ್ನ ಮಡಿಲಲ್ಲಿ, ನನಗೆ ಅದು ದೂರದ ಮಾತಾಗಿತ್ತು. ಇವಳು ಆರೋಗ್ಯವಾಗಿದ್ದಾಳೆ, ನನ್ನ ಮುಖ ನೋಡಿ ನಗುತ್ತಾಳೆ. ನಗುತ್ತಿರುವವಳನ್ನು ಅಳಿಸಲು ನಾನೇ ಒಯ್ಯಬೇಕಲ್ಲ. ಈ ಸಂಕಟ ಹೀಗಿರುತ್ತದೆ ಅಂತ ನೀನಾದರೂ ಹೇಳಬಾರದಿತ್ತಾ? ನೀನು ಹೇಳಿದ್ದೆ. ನನಗೆ ಓದಲು ಬಂದಿರಲಿಲ್ಲ.

ನಿನ್ನ ಹೇಡಿ,
ಗುಂಡಿ


ಮಾರ್ಚ್ ೧೪

ಅಮ್ಮ,

ಈ ಪತ್ರವನ್ನು ಅಣ್ಣ ನಿನಗೆ ಓದಿ ಹೇಳಬೇಕು. ಅವನು ನಡುನಡುವೆ ಹಾರಿಸುತ್ತಾನೆ, ಹಾರಿಸಬಾರದು ಅಂತ ಹೇಳು.

ನಿನ್ನ ಸೊಸೆ ಹೇಳದೆ ಕೇಳದೆ ಹೊರಟು ಬರುತ್ತಾಳೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಬಾಗಿಲು ತಟ್ಟಿದ್ದು ಕೇಳಿ ಹಾಲಿನವನು ಅಂದುಕೊಂಡು ಪಾತ್ರೆ ಹಿಡಿದುಕೊಂಡೇ ತೆರೆದೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ರೈಲು, ಬಸ್ಸಿನ ಧೂಳು ಮೈತುಂಬ. "ಹೇಡಿ ಅಂದ್ರೆ ಹೇಗಿರ್ತಾಳೆ ಅಂತ ನೋಡೋಣ ಅಂತ ಬಂದೆ," ಅಂದಳು. ನಾನು ಪಾತ್ರೆಯ ಸಮೇತ ಅವಳನ್ನು ಅಪ್ಪಿಕೊಂಡೆ. "ಅಮ್ಮನ್ನ ಯಾರು ನೋಡ್ಕೊಳ್ತಾರೆ?" ಅಂದೆ. "ನಿನ್ನ ಅಣ್ಣ ಅನ್ನ ಮಾಡ್ತಾನೆ, ಅಮ್ಮ ಅದನ್ನ ತಿಂತಾರೆ. ಇಬ್ಬರಿಗೂ ಎರಡು ದಿನದ ಶಿಕ್ಷೆ," ಅಂದಳು. ಅನ್ನ ಹೇಗಿತ್ತು ಅಂತ ಬರೆಸು.

ಅವಳು ಕೈಕಾಲು ತೊಳೆದು ಬಂದವಳೇ, "ನಡಿ," ಅಂದಳು. ಟೀ ಕುಡಿದು ಹೋಗೋಣ ಅಂದರೆ, "ಬಂದು ಕುಡಿಯೋಣ. ಈಗ ಕೂತ್ರೆ ನೀನು ಸೊಪ್ಪು ತರೋಕೆ ಹೊರಡ್ತೀಯ," ಅಂದಳು. ದಾರಿಯುದ್ದಕ್ಕೂ ಚುಚ್ಚುಮದ್ದಿನ ಮಾತೇ ಎತ್ತಲಿಲ್ಲ. ಕಾರ್ಖಾನೆಯ ಸೂಪರ್‌ವೈಸರು ಒಂದು ದಿನ ತನ್ನ ಅಂಗಿಯ ಗುಂಡಿಯನ್ನೇ ತಪ್ಪಾಗಿ ಹಾಕಿಕೊಂಡು ಬಂದು ನಮಗೆ ಬೈದ ಕಥೆ ತೆಗೆದಳು. ನಾನು ನಗುತ್ತಲೇ ಆ ಬಾಗಿಲು ದಾಟಿದ್ದೆ.

ಒಳಗೆ ಹೋದ ಮೇಲೆ ಮಾತ್ರ ಅವಳ ಕೈ ತಣ್ಣಗಾದದ್ದು ನನಗೆ ತಿಳಿಯಿತು. ಅವಳಿಗೂ ಭಯವೇ, ಅಮ್ಮ. ನನಗಾಗಿ ಬಂದಿದ್ದಳು ಅಷ್ಟೇ. ಮುಷ್ಟಿ ನನ್ನ ತೊಡೆಯ ಮೇಲೆ, ನನ್ನ ಭುಜದ ಮೇಲೆ ನಿನ್ನ ಸೊಸೆಯ ಕೈ. ಚುಚ್ಚಿದಾಗ ಮಗು ಮೊದಲು ಆಶ್ಚರ್ಯಪಟ್ಟಿತು, ಆಮೇಲೆ ಅತ್ತಿತು. ಎದೆಗೆ ಹಾಕಿಕೊಂಡ ಮೇಲೆ ಹಾಲು ಕುಡಿಯುತ್ತ ಬಿಕ್ಕುತ್ತ ನಿದ್ದೆ ಹೋಯಿತು. ಮುಂದೆ ಜ್ವರ ಬಂದರೆ ಏನು ಮಾಡಬೇಕು ಅಂತ ನರ್ಸಮ್ಮ ಹೇಳುವ ಮೊದಲೇ ಕತ್ತರಿ ಹೇಳಿ ಮುಗಿಸಿದ್ದಳು. ಆಕೆ ನಕ್ಕು, "ನೀವೇ ಬಂದ್ಬಿಡಿ ಇಲ್ಲಿ ಕೆಲಸಕ್ಕೆ," ಅಂದರು.

ಒಂಬತ್ತು ತುಂಬಿದ ಮೇಲಿನದನ್ನು ನಿಮ್ಮಲ್ಲೇ ಹಾಕಿಸಬಹುದಂತೆ. ಇದರ ಜ್ವರ ಗಿರ ಎಲ್ಲ ಕಳೆಯಲಿ, ಇವರೂ ಬರಲಿ, ಬಂದುಬಿಡುತ್ತೇನೆ. ಡಾಕ್ಟರಿಗೆ ಹೇಳಿ ನಿನ್ನ ಕಣ್ಣಿಗೆ ಏಪ್ರಿಲಿನಲ್ಲಿ ದಿನ ಹಿಡಿಸಿ.

ರೈಲಿನ ವಿಷಯ ಹೇಳದಿದ್ದರೆ ನೀನು ಪತ್ರವನ್ನು ವಾಪಸ್ಸು ಕಳಿಸುತ್ತೀಯ. ಅವನು ಇಡೀ ದಿನ ಪಾಪುವಿನ ಕೋಣೆಯೊಳಗೆ ಕಾಲಿಡಲಿಲ್ಲ. ಇಡೀ ಮನೆ ಸುತ್ತುತ್ತಾನೆ, ಆ ಹೊಸ್ತಿಲಿಗೆ ಬಂದ ಕೂಡಲೇ ನಿಂತುಬಿಡುತ್ತಾನೆ. ಒಳಗೆ ಇಣುಕಿ ನೋಡುತ್ತಾನೆ, ವಾಪಸ್ಸು ಹೋಗುತ್ತಾನೆ. ಯಾಕೆ ಅಂತ ನನಗೆ ತಿಳಿಯಲಿಲ್ಲ. ಕತ್ತರಿಯೇ ಮೆಲ್ಲಗೆ ಹೇಳಿದಳು. ಚುಚ್ಚುಮದ್ದಾದ ಮೇಲೆ ಅವನು ಮನೆಯೊಳಗೇ ಇರಬೇಕಾಗಿ ಬಂದಾಗ, ಪುಟ್ಟ ಪಾಪುಗಳ ಹತ್ತಿರ ಹೋಗಬಾರದು ಅಂತ ದಿನಾ ಹೇಳುತ್ತಿದ್ದಳಂತೆ. ಅದು ಮುಗಿಯಿತು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಮುಷ್ಟಿ ಎದ್ದು ಹಾಸಿಗೆಯ ಮೇಲೆ ಕಾಲಾಡಿಸುತ್ತಿದ್ದಳು. ಅವನು ಮತ್ತೆ ಬಂದು ಹೊಸ್ತಿಲ ಆಚೆ ನಿಂತ. ಕೂಗು ಹಾಕಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, "ಅತ್ತೆ, ಈಗ ಬರ್ಬಹುದಾ?" ಅಂತ ಕೇಳಿದ.

ನಾನು ಕತ್ತರಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡುತ್ತಿದ್ದಳು.

"ಬಾರೋ," ಅಂದೆ. "ಹತ್ತಿರ ಬಾ."

ನಿನ್ನ ಮಗಳು